ಹೆಬ್ಬೆರಳಿಗೆ ಕಟ್ಟಿದ ಪರೀಕ್ಷೆ

ನಡೆದದ್ದು ಇಷ್ಟೇ: ಇನ್ನೂರ ಮೂವತ್ತು ಹಲಸಿನಕಾಯಿ ಹಪ್ಪಳದ ಆಸೆಗೆ ನಾನು ಮೊಮ್ಮಗಳ ಆರು ತಿಂಗಳ ಓದನ್ನು ಒಂದು ಹಗ್ಗದ ತುದಿಗೆ ಕಟ್ಟಿದೆ. ನೆಟ್‌ವರ್ಕಿನ ತಪ್ಪು, ಗ್ರಹಚಾರ, ಯಾರದೋ ಕಣ್ಣು ಬಿದ್ದದ್ದು ಎಂದು ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಹಾಗೆಲ್ಲ ಏನೂ ಇಲ್ಲ. ಕಾಗೆಯದ್ದೂ ತಪ್ಪಿಲ್ಲ, ಜರ್ಮನಿಯವರದ್ದೂ ತಪ್ಪಿಲ್ಲ. ಹಗ್ಗ ತಂದವಳು ನಾನು, ಗಂಟು ಹಾಕಿದವಳು ನಾನು, ಅದು ಬಿಚ್ಚಿಹೋಗದ ಹಾಗೆ ಮೇಲಿನಿಂದ ಇನ್ನೊಂದು ಗಂಟು ಬಿಗಿದವಳೂ ನಾನೇ.

ನಾನು ಮೂರನೇ ಕ್ಲಾಸಿನವರೆಗೆ ಓದಿದವಳು. ಮೂರನೆಯದನ್ನು ಮುಗಿಸಿದೆಯಾ ಎಂದು ಕೇಳಬೇಡಿ. ಪರೀಕ್ಷೆಯ ದಿನವೇ ನಮ್ಮ ಎಮ್ಮೆ ಕರು ಹಾಕಿತು. ಎಮ್ಮೆ ಪಾಸಾಯಿತು, ನಾನು ಗಿಣ್ಣಹಾಲು ಕಾಯಿಸುತ್ತಾ ಮನೆಯಲ್ಲಿ ಉಳಿದೆ. ಆಮೇಲೆ ಅಕ್ಷರ ಮರೆತುಹೋಗದಂತೆ ಕಾಪಾಡಿದ್ದು ವಾರಪತ್ರಿಕೆಗಳು ಮತ್ತು ಬಂದ್ಯೋಡಿನ ಅಂಗಡಿಯವರು ಸಾಮಾನು ಕಟ್ಟಿಕೊಡುತ್ತಿದ್ದ ಹಳೆಯ ಪೇಪರುಗಳು. ಆದ್ದರಿಂದ ವಿಶ್ವವಿದ್ಯಾಲಯಗಳ ಬಗ್ಗೆ ನಾನು ಹೇಳುವುದರಲ್ಲಿ ಅರ್ಧ ಸುದ್ದಿಯ ಮುಂದಿನ ಭಾಗ ಬೇರೆ ಯಾರದೋ ಬೆಲ್ಲದ ಪೊಟ್ಟಣದಲ್ಲಿ ಹೋಗಿರಬಹುದು. ಸುಧಾರಿಸಿಕೊಳ್ಳಿ.

ನನ್ನ ಮಗಳು ಸುಜಾತ ಬಂದ್ಯೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳ ಮಗಳು ರಕ್ಷಿತಾ. ನಮಗೆಲ್ಲ ರಚ್ಚು. ಓದುವುದು ಸಂಖ್ಯಾಶಾಸ್ತ್ರ. ಅದೆಂತ ಶಾಸ್ತ್ರ ಎಂದು ಒಮ್ಮೆ ಕೇಳಿದ್ದೆ. "ಮುಂದೆ ಎಂತ ಆಗಬಹುದು ಅಂತ ಲೆಕ್ಕ ಹಾಕುವುದು ಅಜ್ಜಿ" ಎಂದಳು. "ಅದಕ್ಕೆ ನಮ್ಮಲ್ಲಿ ಜೋಯಿಸರು ಇದ್ದಾರಲ್ಲ?" ಎಂದೆ. "ಜೋಯಿಸರು ತಪ್ಪಿದ್ರೆ ಅವರ ಮಾರ್ಕು ಕಡಿಮೆ ಆಗೂದಿಲ್ಲ ಅಜ್ಜಿ. ನಮ್ದು ಆಗ್ತದೆ." ಮಾತಿಗೇನೂ ಕಡಿಮೆ ಇಲ್ಲ. ಯಾರ ಪುಳ್ಳಿ, ಯಾರ ಮೊಮ್ಮಗಳು!

ಅವಳ ಕಾಲೇಜಿನವರು ಅವಳನ್ನು ಆರು ತಿಂಗಳ ಮಟ್ಟಿಗೆ ಜರ್ಮನಿಯ ಒಂದು ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಸೇರಿಸಿದ್ದಲ್ಲ, ಕಳಿಸಿದ್ದು. ಹೆಸರು ಇಲ್ಲಿಯದು, ಕುಳಿತುಕೊಳ್ಳುವುದು ಅಲ್ಲಿ. ಅಂದರೆ ನೆಂಟಳು. ನೆಂಟರು ಬಂದರೆ ನಾವು ಬೆಲ್ಲ ನೀರು ಕೊಡುತ್ತೇವೆ, ಅವರು ಪ್ರಶ್ನೆಪತ್ರಿಕೆ ಕೊಡುತ್ತಾರೆ. ಅದೂ ತಾನಾಗಿ ಕೊಡುವುದಿಲ್ಲವಂತೆ. ಕ್ಲಾಸಿನಲ್ಲಿ ಕೂತರೆ ಸಾಲದು, ಪರೀಕ್ಷೆಗೆ ಬೇರೆಯೇ ಹೆಸರು ಕೊಡಬೇಕು. ಮರೆತರೆ ನಿಮ್ಮನ್ನು ಫೇಲು ಮಾಡಲಿಕ್ಕೂ ಅವರಿಗೆ ಪುರುಸೊತ್ತಿಲ್ಲ. ಇಲ್ಲಿಯ ಹಾಗೆ ಹಾಜರಿಗೆ ಇಷ್ಟು, ಸೆಮಿನಾರಿಗೆ ಇಷ್ಟು, ಮೇಡಮ್ಮಿನ ಎದುರು ತಲೆ ತಗ್ಗಿಸಿ ನಡೆದದ್ದಕ್ಕೆ ಇಷ್ಟು ಎಂದು ಚಿಲ್ಲರೆ ಮಾರ್ಕುಗಳಿಲ್ಲ. ಕೊನೆಯ ಎರಡು ಗಂಟೆಯಲ್ಲಿ ಬರೆದದ್ದೇ ಸರ್ವಸ್ವ. ಇನ್ನೊಂದು ಕೇಳಿ: ಒಂದು ಹಾಳೆಯ ಎರಡೂ ಬದಿಗೆ ಕೈಯಲ್ಲಿ ಏನು ಬೇಕಾದರೂ ಬರೆದುಕೊಂಡು ಪರೀಕ್ಷೆಗೆ ಹೋಗಬಹುದು! ನಮ್ಮ ಕಾಲದಲ್ಲಿ ಅಂಥ ಚೀಟಿ ಸಿಕ್ಕಿದರೆ ಮಾಸ್ತರರು ಬೆನ್ನಿನ ಎರಡೂ ಬದಿಗೆ ಬರೆಯುತ್ತಿದ್ದರು. ಮತ್ತೆ ಮಾರ್ಕಿನ ಕಥೆ. ಅಲ್ಲಿ ಒಂದು ಬಂದರೆ ಎಲ್ಲರಿಗಿಂತ ಮೇಲೆ, ಐದು ಬಂದರೆ ಫೇಲು. ಇದನ್ನು ಕೇಳಿದ ದಿನ ನನಗೆ ನನ್ನ ಎರಡನೇ ಕ್ಲಾಸಿನ ಲೆಕ್ಕದ ಮಾರ್ಕು ನೆನಪಾಗಿ, ತಪ್ಪಾದ ದೇಶದಲ್ಲಿ ಹುಟ್ಟಿದೆನಲ್ಲ ಎಂದು ತುಂಬಾ ಬೇಸರವಾಯಿತು.

ಮೂರು ಪರೀಕ್ಷೆಗಳನ್ನು ಹುಡುಗಿ ಅಲ್ಲಿಯೇ ಮುಗಿಸಿದಳು. ನಾಲ್ಕನೆಯದನ್ನು ಅವರು ಮಾರ್ಚ್ ತಿಂಗಳಿಗೆ ಇಟ್ಟರು. ಅಷ್ಟರೊಳಗೆ ಇಲ್ಲಿಯ ಕಾಲೇಜು ಸುರುವಾದ್ದರಿಂದ ಅವಳು ಹೊರಟು ಬರಬೇಕಾಯಿತು. ಬೇಡಿಕೊಂಡ ಮೇಲೆ, ನೆಂಟರಲ್ಲವೇ, ಮನೆಯಿಂದಲೇ ಕ್ಯಾಮರಾದ ಎದುರು ಕೂತು ಬರೆ ಎಂದು ಒಪ್ಪಿದರು. ಆ ಒಂದು ಪೇಪರು ಹೋದರೆ ಲೆಕ್ಕ ಕಡಿಮೆ ಬಿದ್ದು ಇಲ್ಲಿಯ ಕಾಲೇಜು ಆ ಆರು ತಿಂಗಳನ್ನೇ ಒಪ್ಪುವುದಿಲ್ಲ. ತನಗಿಂತ ಚಿಕ್ಕವರ ಜೊತೆ ಕೂತು ಪುನಃ ಅರ್ಧ ವರ್ಷ ಓದಬೇಕು. ಇದನ್ನು ಅವಳು ನನಗೆ ಮೂರು ಸಲ ಹೇಳಿದ್ದಳು. ನಾನೂ ಮೂರು ಸಲ ತಲೆಯಾಡಿಸಿದ್ದೆ.

ತೊಂದರೆ ಇದ್ದದ್ದು ಕೋಣೆಯಲ್ಲಿ. ನಮ್ಮ ಮನೆಯಲ್ಲಿ ನೆಟ್ಟಗೆ ನೆಟ್ ಸಿಗುವುದು ಮೇಲಿನ ಒಂದೇ ಕೋಣೆಯಲ್ಲಿ. ಅದರ ಕಿಟಕಿ ತಾರಸಿಗೆ ತೆರೆಯುತ್ತದೆ. ತಾರಸಿಯಲ್ಲಿ ನನ್ನ ಹಪ್ಪಳ ಒಣಗುತ್ತದೆ. ಬೆಳ್ಳೂರಿನ ತಮ್ಮ ಕಳಿಸಿದ ಹಲಸನ್ನು ಬೇಯಿಸಿ, ಕಡೆದು, ತಟ್ಟಿ, ಚಾಪೆಯ ಮೇಲೆ ಹಾಕಿ ಎರಡನೇ ದಿನ. ತಾರಸಿಯ ಕೊನೆಯಲ್ಲಿ ಒಂದು ತಗಡಿನ ಡಬ್ಬ, ಒಳಗೆ ನಾಲ್ಕು ಕಲ್ಲು, ಅದಕ್ಕೆ ಹಗ್ಗ; ಹಗ್ಗದ ಈಚೆಯ ತುದಿ ಕಿಟಕಿಯ ಮೂಲಕ ಕೋಣೆಯೊಳಗೆ ನನ್ನ ಕೈಯಲ್ಲಿ. ಕಾಗೆ ಬಂತೋ, ಎಳೆದೆ, ಡಬಡಬ, ಹೋಯಿತು. ವರ್ಷಗಳಿಂದ ನಡೆದು ಬಂದ ಕ್ರಮ.

"ಅಜ್ಜಿ, ಒಂದೂವರೆಯಿಂದ ಮೂರೂವರೆವರೆಗೆ ನೀವು ಮೇಲೆ ಬರ್ಲಿಕ್ಕಿಲ್ಲ. ಕೋಣೆಯಲ್ಲಿ ನನ್ನನ್ನು ಬಿಟ್ಟು ಯಾರೂ ಇರಬಾರ್ದು."

"ಕಾಗೆಯನ್ನು ಯಾರು ಓಡಿಸುವುದು? ನಿನ್ನ ಪ್ರೊಫೆಸರಾ?"

"ಒಂದು ದಿವಸ ಹಪ್ಪಳ ಒಳಗಿಡಿ."

"ಅರೆ ಒಣಗಿದ್ದನ್ನು ಒಳಗಿಟ್ಟರೆ ಬೂಸ್ಟು ಹಿಡೀತದೆ ಮಾರಾಯ್ತಿ. ನಿನ್ನ ಕೈ ಬರೀಲಿ, ಕಣ್ಣು ನೋಡ್ಲಿ. ಕಾಲಿಗೆ ಎಂತ ಕೆಲಸ ಉಂಟು?"

ಹೀಗೆ ಹಗ್ಗ ಅವಳ ಬಲಗಾಲಿನ ಹೆಬ್ಬೆರಳಿಗೆ ಬಂತು. ಹುಡುಗಿ ಒಪ್ಪಿದ್ದು ಯಾಕೆ ಎಂದು ಈಗ ಎಲ್ಲರೂ ಕೇಳುತ್ತಾರೆ. ಒಪ್ಪಿದ್ದಲ್ಲ, ಗಂಟೆ ಒಂದು ಇಪ್ಪತ್ತೈದು ಆಗಿತ್ತು, ನನ್ನ ಹತ್ತಿರ ವಾದಿಸಿ ಗೆಲ್ಲಲು ಐದು ನಿಮಿಷ ಯಾರಿಗೂ ಸಾಕಾಗುವುದಿಲ್ಲ.

ನಾನು ಕೊಟ್ಟ ಮಾತಿನಂತೆ ಮೇಲೆ ಹೋಗಲಿಲ್ಲ. ಅಂಗಳದಲ್ಲಿ ತೆಂಗಿನ ಮರದ ನೆರಳಿಗೆ ಕೂತೆ. ಮೊದಲನೇ ಡಬಡಬ ಕೇಳಿದಾಗ, ಹುಡುಗಿ ಬುದ್ಧಿವಂತೆ, ಎರಡೂ ಕೆಲಸ ನಿಭಾಯಿಸುತ್ತಿದ್ದಾಳೆ ಎಂದು ಸಮಾಧಾನವಾಯಿತು. ಆಮೇಲೆ ಅಂಗಳದಿಂದ ನೋಡುತ್ತೇನೆ, ನಮ್ಮ ಮುದಿ ಕಾಗೆ ಬಂದಿದೆ. ಅದಕ್ಕೆ ಡಬ್ಬದ ಹೆದರಿಕೆ ಹೋಗಿ ಎಷ್ಟೋ ಕಾಲವಾಯಿತು. ಜೊತೆಗೆ ಸಂಸಾರವನ್ನೂ ಕರೆತಂದಿದೆ. ಮೇಲೆ ಬರಬಾರದು ಎಂದಿದ್ದಳೇ ಹೊರತು ಕೂಗಬಾರದು ಎಂದಿರಲಿಲ್ಲವಲ್ಲ. ನಾನು ಕೂಗಿದೆ. "ಎಡಗಡೆ! ಮೂರು! ಅದಲ್ಲ, ಅದರಾಚೆಯದ್ದು! ಅಯ್ಯೋ, ಬಿಟ್ಟೆಯಲ್ಲ ಮಂಗ!" ನಾನು ಹೇಳಿದ್ದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ. ತುಳುವಿನಲ್ಲಿ ಇದಕ್ಕಿಂತ ಸ್ವಲ್ಪ ಖಾರ ಇತ್ತು.

ಮೂರೂವರೆಗೆ ಹುಡುಗಿ ಕುಂಟುತ್ತಾ ಇಳಿದಳು. ಹೆಬ್ಬೆರಳು ಕೆಂಪಾಗಿ ಮೊಗ್ರಾಲಿನ ಸಿಗಡಿಯ ಹಾಗೆ ಆಗಿತ್ತು. ಹಪ್ಪಳ ಹೋದದ್ದು ಏಳು ಮಾತ್ರ. ನಾನು ಅದನ್ನು ಸಂತೋಷದಿಂದ ಹೇಳಿದೆ. ಅವಳು ಬಚ್ಚಲಿಗೆ ಹೋಗಿ ಬೆರಳಿಗೆ ತಣ್ಣೀರು ಹೊಯ್ದುಕೊಂಡಳು.

ಮೂರನೇ ದಿನ ಅಲ್ಲಿಂದ ಇ-ಮೇಲ್ ಬಂತು. ಕ್ಯಾಮರಾದಲ್ಲಿ ಕಂಡದ್ದು ಇದು: ವಿದ್ಯಾರ್ಥಿನಿ ಆಗಾಗ ಕಿಟಕಿಯ ಕಡೆ ನೋಡುತ್ತಾಳೆ, ಮುಖ ಹಿಂಡುತ್ತಾಳೆ, ಮೈ ಜಗ್ಗುತ್ತಾಳೆ, ಹೊರಗೆ ಸದ್ದಾಗುತ್ತದೆ, ಉತ್ತರಕ್ಕೆ ಗುರುತು ಹಾಕುತ್ತಾಳೆ. ಹೀಗೆ ಹನ್ನೆರಡು ಸಲ. ಸಾಲದ್ದಕ್ಕೆ ಅಪರಿಚಿತ ಭಾಷೆಯಲ್ಲಿ ಯಾರೋ ಹಿರಿಯರ ನಿರ್ದೇಶನ. ಇದಕ್ಕೆ ಸಮಿತಿಯ ಎದುರು ವಿವರಣೆ ಕೊಡಬೇಕು.

ಸುಜಾತ ತಲೆಯ ಮೇಲೆ ಕೈ ಹೊತ್ತಳು. "ಅಮ್ಮಾ, ನಿಮಗೆ ಬುದ್ಧಿ ಉಂಟಾ? ಮೂರನೇ ಕ್ಲಾಸಿನವರು ಎಂಎಸ್ಸಿಗೆ ಕಾಪಿ ಹೊಡೆಸಿದ ಕೇಸು ಇಡೀ ಕಾಸರಗೋಡಿನಲ್ಲಿ ಇದೇ ಮೊದಲು!" ಸತ್ಯ ಹೇಳಬೇಕೆಂದರೆ ಅರೆಕ್ಷಣ ನನಗೆ ಹೆಮ್ಮೆಯೇ ಆಯಿತು. ಆದರೆ ಹುಡುಗಿ ಮೂಲೆಯಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಪಕ್ಕದ ಮನೆಯ ಅವ್ವಮ್ಮ ಬೇಲಿಯ ಆಚೆಯಿಂದಲೇ ಕೂಗಿದಳು: "ಕಲ್ಯಾಣಿಯಕ್ಕಾ, ನಿಮ್ಮ ಪುಳ್ಳಿಯ ಪರೀಕ್ಷೆಯನ್ನು ಕಾಗೆ ತಿಂದಿತಂತೆ, ಹೌದಾ?"

ಸಮಿತಿ ಕೂತದ್ದು ಮುಂದಿನ ವಾರ, ಅದೇ ಮಧ್ಯಾಹ್ನದ ಹೊತ್ತಿಗೆ. ಕಂಪ್ಯೂಟರಿನಲ್ಲಿ ಇಬ್ಬರು. ಒಬ್ಬರು ನರೆಗೂದಲಿನ ಪ್ರೊಫೆಸರಮ್ಮ, ಕೈಯಲ್ಲಿ ಕಾಫಿಯ ದೊಡ್ಡ ಲೋಟ. ಇನ್ನೊಬ್ಬರು ಹೊರಗಿನಿಂದ ಬಂದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಆಫೀಸಿನವರು. ನಗು ಎಂಬುದು ಆ ಮನುಷ್ಯನ ಸಿಲೆಬಸ್ಸಿನಲ್ಲೇ ಇರಲಿಲ್ಲ. ನಾನು ಸಾಕ್ಷಿ. ನನ್ನ ಮಾತನ್ನು ರಚ್ಚು ಇಂಗ್ಲಿಷ್ ಮಾಡಲು ಹೊರಟಾಗ ಆಫೀಸಿನವರು ಕೈ ಅಡ್ಡ ಹಿಡಿದರು. ಆರೋಪ ಇರುವವಳೇ ಸಾಕ್ಷಿಯ ಬಾಯಾದರೆ ಹೇಗೆ? ನ್ಯಾಯವೇ. ಆಗ ಪ್ರೊಫೆಸರಮ್ಮ, "ಹೇಳುವುದು ಬೇಡ, ತೋರಿಸಿ" ಎಂದರು.

ತೋರಿಸಲು ನಾವು ತಯಾರಾಗಿಯೇ ಇದ್ದೆವು. ಸಾಕ್ಷ್ಯಕ್ಕೆಂದೇ ಸುಜಾತ ಅಂಗಡಿಗೆ ರಜೆ ಹಾಕಿ ಹೊಸದಾಗಿ ನೂರು ಹಪ್ಪಳ ತಟ್ಟಿದ್ದಳು. ಚಾಪೆ ತೋರಿಸಿದೆವು, ಡಬ್ಬ ತೋರಿಸಿದೆವು, ಹಗ್ಗ ತೋರಿಸಿದೆವು. "ಬೆರಳು?" ಎಂದರು ಪ್ರೊಫೆಸರಮ್ಮ. ರಚ್ಚು ಹಗ್ಗ ಕಟ್ಟಿದ ಕಾಲನ್ನು ಎತ್ತಿ ಕ್ಯಾಮರಾದ ಎದುರು ಹಿಡಿದಳು. "ಗುರುಗಳಿಗೆ ಕಾಲು ತೋರಿಸುವುದಾ!" ಎಂದು ಸುಜಾತ ಹಿಂದಿನಿಂದ ಚೀರಿದಳು. ಹುಡುಗಿ ಕಾಲು ಹಾಗೆಯೇ ಇಟ್ಟುಕೊಂಡು ಎರಡೂ ಕೈ ಮುಗಿದಳು. ಆ ಭಂಗಿಯಲ್ಲಿ ಕುರ್ಚಿ ಪಲ್ಟಿಯಾಗದೆ ನಿಂತದ್ದೇ ದೊಡ್ಡದು.

ಎಲ್ಲ ಸರಿ, ಕಾಗೆ ಬರಲಿಲ್ಲ. ಹತ್ತು ನಿಮಿಷ ಕಾದೆವು. ಇಪ್ಪತ್ತು ನಿಮಿಷ ಕಾದೆವು. ವರ್ಷಗಳಿಂದ ನನ್ನ ರಕ್ತ ಹೀರಿದ ಕುಲದ ಒಂದು ಗರಿಯೂ ಆಕಾಶದಲ್ಲಿಲ್ಲ. ಆಫೀಸಿನವರು ಗಡಿಯಾರ ನೋಡಿದರು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಅರ್ಧ ಗಂಟೆಯಾಯಿತು.

ಆಗ ನನಗೆ ಬೊಜ್ಜದ ದಿನದ ನೆನಪಾಯಿತು. ಸತ್ತವರಿಗೆ ಎಲೆ ಹಾಕಿ ಬಡಿಸಿ ಇಡುತ್ತೇವಲ್ಲ, ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಮನೆಯವರು ಕೈಮುಗಿದು ಮಾತು ಕೊಟ್ಟರೆ ಬರುತ್ತದೆ. ನಮ್ಮವರು ಹೋಗಿ ಒಂಬತ್ತು ವರ್ಷ. ಇದ್ದಾಗ ಹಪ್ಪಳ ಕಾಯುವುದಕ್ಕೆ ಒಂದು ದಿನ ಕೂತವರಲ್ಲ, ತಿನ್ನುವುದಕ್ಕೆ ಮಾತ್ರ ಕರೆಯುವುದೇ ಬೇಡ. ನಾನು ತಾರಸಿಯಲ್ಲಿ ನಿಂತು ಕೈಮುಗಿದೆ. "ಓಯ್, ಕೇಳ್ತದಾ? ನಿಮ್ಮ ಪುಳ್ಳಿಯ ಓದು ಹೋಗ್ತಾ ಉಂಟು. ಒಮ್ಮೆ ಬನ್ನಿ. ನಾಳೆಯಿಂದ ಹಗ್ಗ ಇಲ್ಲ, ಡಬ್ಬ ಇಲ್ಲ. ಮೊದಲ ಹತ್ತು ಹಪ್ಪಳ ನಿಮಗೇ."

ಬಂತು. ಅದೇ ಮುದಿ ಕಾಗೆ. ಚಾಪೆಯ ಮೇಲೆ ಇಳಿದು, ಆರಿಸಿ, ದೊಡ್ಡದೊಂದನ್ನು ಕಚ್ಚಿತು. ರಚ್ಚು ಕಾಲು ಎಳೆದಳು, ಡಬ್ಬ ಕುಣಿಯಿತು, ಕಾಗೆ ತಲೆ ಓರೆ ಮಾಡಿ ಡಬ್ಬವನ್ನು ನೋಡಿತು. ನನಗೆ ಅಭ್ಯಾಸಬಲ, ತಡೆಯಲಾಗಲಿಲ್ಲ, ಬಾಯಿ ತಾನಾಗಿ ತೆರೆಯಿತು: "ಎಡಗಡೆ! ಅದಲ್ಲ, ಅದರಾಚೆಯದ್ದು! ಬಿಟ್ಟೆಯಲ್ಲ ಮಂಗ!" ಕಂಪ್ಯೂಟರಿನೊಳಗೆ ಪ್ರೊಫೆಸರಮ್ಮ ಕಾಫಿ ಮೈಮೇಲೆ ಚೆಲ್ಲಿಕೊಂಡು ನಗುತ್ತಿದ್ದರು. ಆಫೀಸಿನವರ ಮೀಸೆ ಕೂಡ ಒಂದು ಬದಿಗೆ ಏರಿತ್ತು.

ಆದರೆ ನಿಯಮ ನಿಯಮವೇ. ಕಾಪಿ ಅಲ್ಲ ಎಂದು ಒಪ್ಪಿದರು, ಡಬ್ಬ ಬಡಿಯುತ್ತಾ ಬರೆದ ಪೇಪರನ್ನು ಮಾತ್ರ ಒಪ್ಪಲಾಗದು ಎಂದರು. ಬದಲಿಗೆ, ದೂರ ಹೋದ ನೆಂಟರಿಗೆ ಬಾಯಲ್ಲೇ ಪರೀಕ್ಷೆ ಮಾಡಬಹುದು. ಈಗಲೇ ಆದೀತಾ? ರಚ್ಚು ಹಗ್ಗ ಬಿಚ್ಚಿ ಕಾಲು ನೆಲಕ್ಕಿಟ್ಟಳು. ಮೊದಲ ಪ್ರಶ್ನೆ ಯಾವುದು ಗೊತ್ತೇ? ಪರೀಕ್ಷೆಯ ದಿನ ಎರಡು ಗಂಟೆಯಲ್ಲಿ ಕಾಗೆ ಹನ್ನೆರಡು ಸಲ ಬಂತು. ಹಾಗಿರುವಾಗ ಇವತ್ತು ಅರ್ಧ ಗಂಟೆ ಒಂದೂ ಬಾರದೆ ಇರುವ ಸಾಧ್ಯತೆ ಎಷ್ಟು? ಹುಡುಗಿ ಕಾಗದದಲ್ಲಿ ಏನೋ ಗೀಚಿ, ನೂರಕ್ಕೆ ಸುಮಾರು ಐದು ಎಂದಳು. ಪ್ರೊಫೆಸರಮ್ಮ ತಲೆದೂಗಿದರು.

ನನಗೆ ಸುಮ್ಮನಿರಲಾಗಲಿಲ್ಲ. "ಐದೂ ಅಲ್ಲ ಆರೂ ಅಲ್ಲ. ಬೇಕಾದಾಗ ಕಾಗೆ ಬರೂದಿಲ್ಲ. ನೂರಕ್ಕೆ ನೂರು. ಬೊಜ್ಜದ ಊಟ ಹಾಕಿದವರೆಲ್ಲರಿಗೂ ಗೊತ್ತುಂಟು." ಅಜ್ಜಿ ಏನು ಹೇಳಿದರು ಎಂದು ಅವರು ಕೇಳಿದರು. ರಚ್ಚು ಹಲ್ಲು ಕಚ್ಚಿಕೊಂಡೇ ಇಂಗ್ಲಿಷ್ ಮಾಡಿದಳು. ಪ್ರೊಫೆಸರಮ್ಮ ಅದನ್ನೂ ಬರೆದುಕೊಂಡರು. ಆಮೇಲೆ ಇಪ್ಪತ್ತು ನಿಮಿಷ ಕಾಗೆ ಇಲ್ಲದ ಪ್ರಶ್ನೆಗಳು. ನನ್ನನ್ನು ಸುಜಾತ ಕೆಳಗೆ ಎಳೆದುಕೊಂಡು ಹೋದಳು.

ಸಂಜೆಯೊಳಗೆ ಇ-ಮೇಲ್ ಬಂತು. ಎರಡು ಸಿಕ್ಕಿತ್ತು. ನಾವು ಮೂವರೂ ಅಡುಗೆಮನೆಯಲ್ಲಿ ಕುಣಿದೆವು, ನನ್ನ ಮೊಣಕಾಲು ಎರಡೇ ಸುತ್ತಿಗೆ ರಾಜೀನಾಮೆ ಕೊಟ್ಟಿತು. ಪಾಯಸದ ತಟ್ಟೆ ಹಿಡಿದು ಬೇಲಿಯ ಹತ್ತಿರ ಹೋದರೆ ಅವ್ವಮ್ಮ ಕೇಳಿದಳು, "ಎಷ್ಟು ಮಾರ್ಕಂತೆ?" "ಎರಡು" ಎಂದೆ. ಅವಳು ತಟ್ಟೆಯನ್ನೂ ನನ್ನನ್ನೂ ನೋಡಿದಳು. "ಎರಡು ಮಾರ್ಕಿಗೆ ಪಾಯಸವಾ? ನಮ್ಮ ಮನೆಯ ಮಕ್ಕಳು ಮೂವತ್ತು ತಂದರೆ ಪೆಟ್ಟು ತಿಂತಾರೆ ಕಲ್ಯಾಣಿಯಕ್ಕಾ. ಪಾಪದ ಹುಡುಗಿ, ಬಯ್ಯಬೇಡಿ."

ಮರುದಿನ ಬೆಳಿಗ್ಗೆ ಬೇಗ ಎದ್ದು ತಾರಸಿಗೆ ಹೋದೆ. ಮಾತು ಕೊಟ್ಟಿದ್ದೆನಲ್ಲ. ಹಗ್ಗ ಸುತ್ತಿಟ್ಟೆ, ಬಾಳೆಲೆಯಲ್ಲಿ ಹತ್ತು ಹಪ್ಪಳ ಬೇರೆ ಇಟ್ಟೆ, ಕೈಮುಗಿದು ದೂರ ನಿಂತೆ. ಮುದಿ ಕಾಗೆ ಬಂತು. ಎಲೆಯನ್ನು ಒಂದು ಸುತ್ತು ಹಾಕಿತು, ಮೂಸಲಿಲ್ಲ, ನೆಟ್ಟಗೆ ಚಾಪೆಯ ನಡುವಿಗೆ ಹೋಗಿ ನಿಂತಿತು. ನಮ್ಮವರೂ ಹಾಗೆಯೇ, ಬಡಿಸಿದ್ದನ್ನು ಬಿಟ್ಟು ಹಪ್ಪಳದ ಡಬ್ಬಕ್ಕೇ ಕೈ ಹಾಕುತ್ತಿದ್ದದ್ದು. ನಾನು ಮೆಲ್ಲ ಕೋಣೆಗೆ ಹೋಗಿ, ಕುರ್ಚಿಯಲ್ಲಿ ಕೂತು, ಹಗ್ಗ ಬಿಚ್ಚಿ ನನ್ನ ಹೆಬ್ಬೆರಳಿಗೆ ಕಟ್ಟಿಕೊಂಡೆ. ಎರಡು ಗಂಟು.