ಹಕ್ಕರಕಿಯ ಉಪಾಸ

ಹರಕೆಯನ್ನು ಮನಸ್ಸಿನಲ್ಲೇ ಹೊರಬೇಕು, ಬಾಯಿ ಬಿಟ್ಟು ಹೇಳಬಾರದು. ಹೇಳಿದರೆ ಹೆಂಡತಿಗೆ ಗೊತ್ತಾಗುತ್ತದೆ. ದೇವರು ಕ್ಷಮಿಸಿ ಮರೆತದ್ದನ್ನೂ ಆಕೆ ನೆನಪಿಟ್ಟಿರುತ್ತಾಳೆ. ನಾವು ಕ್ರೈಸ್ತರು. ಈಸ್ಟರಿಗೆ ಮುಂಚಿನ ನಲವತ್ತು ದಿನ ನಮಗೆ ತಪಸ್ಸಿನ ಕಾಲ. ನಾಲಿಗೆಗೆ ಹಿತವಾದದ್ದನ್ನು ಬಿಟ್ಟು, ಮಾಡಿದ ಪಾಪಗಳಿಗೆ ಪಶ್ಚಾತ್ತಾಪ ಪಡಬೇಕು. ಒಂದು ವರ್ಷ ನಾನು ಚಹಾ ಬಿಟ್ಟೆ. ಮೂರನೆಯ ದಿನ ತಲೆನೋವಿಗೆಂದು ಕಷಾಯ ಮಾಡಿಕೊಂಡೆ. ಆ ಕಷಾಯದಲ್ಲಿ ಹಾಲು, ಸಕ್ಕರೆ, ಚಹಾಪುಡಿ ಇದ್ದವೆಂಬುದನ್ನು ನನ್ನ ಹೆಂಡತಿ ಸುಗುಣ ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ.

ಈ ಸಲ ಹಟ ಬಂತು. ತಪಸ್ಸಿನ ಕಾಲ ಶುರುವಾಗುವ ಬೂದಿ ಬುಧವಾರ ಚರ್ಚಿನ ಅಂಗಳದಲ್ಲಿ, ಫಾದರ್ ಎದುರಿಗೇ ಸಾರಿಬಿಟ್ಟೆ: ಮಧ್ಯಾಹ್ನದ ಊಟಕ್ಕೆ ಒಣ ರೊಟ್ಟಿ, ಜೊತೆಗೆ ಯಾರೂ ಬಿತ್ತದೆ ತಾನಾಗಿ ಬೆಳೆದ ಸೊಪ್ಪು, ಅದೂ ನಾನೇ ಕಿತ್ತದ್ದು, ಬೇರೇನೂ ಮುಟ್ಟೆ. ಹಿಂದೆ ಸಂತರೊಬ್ಬರು ಅಡವಿಯಲ್ಲಿ ಮಿಡತೆ ತಿಂದುಕೊಂಡಿದ್ದರಂತೆ. ನಾನು ಸೊಪ್ಪಿಗೇ ನಿಂತದ್ದು ಮಿಡತೆಗಳ ಪುಣ್ಯ. ‘ನಲವತ್ತು ದಿನಾ ಮಾಡಿ ತೋರಸ್ರಿ, ನಿಮ್ಮ ಕಾಲಿಗೆ ಬೀಳತೇನಿ’ ಎಂದಳು ಸುಗುಣ. ಮದುವೆಯಾದಂದಿನಿಂದ ಆ ಕಾಲನ್ನು ಯಾರೂ ಮುಟ್ಟಿರಲಿಲ್ಲ. ಗೆಲ್ಲಲೇಬೇಕಿತ್ತು.

ನನ್ನ ಮನೆ ವಿಜಯಪುರದ ಅಥಣಿ ರಸ್ತೆಯಲ್ಲಿ, ಮಾಸ್ತರಿಕೆ ಹೊನವಾಡದಲ್ಲಿ. ನಡುದಾರಿಯ ತಿಕೋಟಾದವರೆಗೆ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಲ್ಲುವುದೂ ತಪಸ್ಸೇ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶಾಲೆಯ ಹಿಂದೆ ನೀಲವ್ವ ಎಂಬಾಕೆಯ ಉಳ್ಳಾಗಡ್ಡಿ ಹೊಲ. ಅದರಲ್ಲಿ ಕಳೆಯಾಗಿ ಹಕ್ಕರಕಿ ಹಬ್ಬಿರುತ್ತದೆ, ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು. ಮೊದಲ ದಿನ ಸೊಂಟ ಹಿಡಿದುಕೊಂಡು ಒಂದು ಮುಷ್ಟಿ ಕಿತ್ತೆ.

‘ಅದನ್ನ ಎಮ್ಮೀನೂ ಮೂಸೂದಿಲ್ರಿ ಮಾಸ್ತರ್ರ’ ಎಂದಳು ಕಳೆ ತೆಗೆಯುತ್ತಿದ್ದ ನೀಲವ್ವ. ‘ಹಕ್ಕರಕಿ ಅಂದ್ರ, ಎಲಿ ಹರಿದ್ರ ಹಾಲ ಬರಬೇಕ್ರಿ. ಯಾಕ ಬೇಕಾಗಿತ್ತು?’

‘ನಮ್ದು ನಲವತ್ತು ದಿನ ಉಪಾಸ ಐತ್ರಿ ಅಕ್ಕಾರ.’

ಕೆಟ್ಟದ್ದು ಆ ಒಂದು ಶಬ್ದದಿಂದ. ನಮ್ಮ ಕಡೆ ಉಪಾಸ ಎಂದರೆ ಉಣ್ಣದಿರುವುದಲ್ಲ. ರೊಟ್ಟಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುವುದು. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಕೆನೆಮೊಸರು ಇವೆಲ್ಲ ಉಪಾಸದ ಲೆಕ್ಕಕ್ಕೇ ಬರುತ್ತವೆ.

‘ನಲವತ್ತು ದಿನಾ! ಯಪ್ಪಾ! ಬರೇ ತಪ್ಪಲಾ ತಿಂದ್ರ ಜೀವ ಹೆಂಗ ನಿಲ್ಲತೈತ್ರಿ?’ ಎಂದವಳು ಮರುದಿನ ಡಬ್ಬಿ ಹಿಡಿದು ಬದುವಿನ ಮೇಲೆ ಕಾದಿದ್ದಳು. ‘ಉಪಾಸದವ್ರನ್ನ ಬರಿಗೈಲೆ ಕಳಿಸಬಾರ್ದ್ರಿ, ಪಾಪ ಹತ್ತತೈತಿ.’

ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಖಿಚಡಿ ಹೋಯಿತು. ಕೊಟ್ಟವರ ಮನಸ್ಸು ನೋಯಿಸುವುದೂ ಪಾಪವೇ ಎಂದು ನನಗೆ ನಾನೇ ಉಪದೇಶ ಮಾಡಿಕೊಂಡೆ. ಮರುದಿನ ಉಂಡಿ, ಅದರ ಮರುದಿನ ಮೊಸರು, ದ್ರಾಕ್ಷಿ. ಕಿತ್ತ ಹಕ್ಕರಕಿಯನ್ನು ಮಾತ್ರ ತಪ್ಪದೆ ಮನೆಗೊಯ್ದು ಸುಗುಣಳ ಮುಂದೆ ಸುರಿಯುತ್ತಿದ್ದೆ, ತಿಂದು ಉಳಿದದ್ದೆಂಬ ಸಾಕ್ಷಿಗೆ. ‘ತಪ್ಪಲಾ ತಿಂದು ಮಾರಿ ತುಂಬಿ ಬಂದೈತಲ್ರಿ?’ ಎಂದಳು ಒಂದು ದಿನ. ‘ದೇವರ ಕೃಪಾ’ ಎಂದೆ. ಆ ಸುಳ್ಳಿನೊಳಗೆ ದೇವರನ್ನೂ ಎಳೆದದ್ದಕ್ಕೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಧೈರ್ಯಮಾಡಿ ಹೊಲಕ್ಕೆ ಹೋದೆ.

‘ಅಕ್ಕಾರ, ನಮ್ಮ ಉಪಾಸ ಹಂಗಲ್ರಿ. ರುಚಿ ಬಿಡೂದ ನಮ್ಮ ಉಪಾಸ. ನಂದು ಕೆಟ್ಟು ಹೋಗೈತ್ರಿ.’

ನೀಲವ್ವನ ಕೈ ನಿಂತಿತು. ‘ಅಯ್ಯ ಶಿವನ! ನಿಮ್ಮ ವ್ರತಾ ನಾ ಕೆಡಿಸಿದ್ನೇನ್ರಿ?’ ಕಣ್ಣು ತುಂಬಿಕೊಂಡಳು.

‘ನೀವಲ್ರಿ, ತಿಂದಾಂವ ನಾನು.’

‘ಉಣಿಸಿದಾಕಿ ನಾನಲ್ರಿ? ಉಳಿದ ದಿನಾ ನಾ ಹಿಡೀತೇನಿ. ನಿಮ್ಮ ಹಬ್ಬದ ತನಕ ಮಧ್ಯಾಹ್ನಕ್ಕ ನನಗ ಒಣ ರೊಟ್ಟಿ, ಹಕ್ಕರಕಿ ಅಷ್ಟ. ಮಾಸ್ತರ್ರಂದೇನೂ ತಪ್ಪಿಲ್ಲಂತ ನಿಮ್ಮ ದೇವ್ರಿಗೆ ಹೇಳ್ರಿ.’

ಇನ್ನೊಬ್ಬರ ಪಾಪವನ್ನು ತಾನು ಹೊತ್ತವನ ಕಥೆಯನ್ನು ಹುಟ್ಟಿದಾಗಿನಿಂದ ಭಾನುವಾರ ಭಾನುವಾರ ಚರ್ಚಿನಲ್ಲಿ ಕೇಳಿದ್ದೇನೆ, ತೂಕಡಿಸುತ್ತ. ಅಂದು ಉಳ್ಳಾಗಡ್ಡಿಯ ಸಾಲಿನಲ್ಲಿ ನಿಂತು ಮೊದಲ ಸಲ ಎಚ್ಚರವಿದ್ದು ಕೇಳಿದಂತಾಯಿತು. ಬ್ಯಾಡ್ರಿ ಎಂದು ಎಷ್ಟು ಗೋಗರೆದರೂ ಆಕೆ ಒಪ್ಪಲಿಲ್ಲ. ‘ಇವತ್ತಿಂದು ಮಾಡಿಟ್ಟೇನಿ, ಕೆಡಬಾರ್ದು. ನಿಮ್ಮ ಮನಿಯವ್ರಿಗೆ ಒಯ್ರಿ’ ಎಂದು ಡಬ್ಬಿಯನ್ನು ಕೈಗಿಟ್ಟಳು.

ನನ್ನ ಪಾಪವನ್ನು ನೀಲವ್ವ ಹೊತ್ತಳು. ನಾನು ಡಬ್ಬಿ ಹೊತ್ತು ಬಸ್ಸು ಹತ್ತಿದೆ. ತಿಕೋಟಾ ಬರುವಷ್ಟರಲ್ಲಿ ಅದೂ ಹಗುರಾಗಿತ್ತು.