ಅಮ್ಮನ ಗಂಟಲಿಗೆ ರಜೆ

ಬೇರೆಯವರ ಮನೆಗೆ ಕಾಯಿಲೆ ಬಂದರೆ ಕಷಾಯ ಕುಡಿಸಿಕೊಂಡು ಹೊರಟುಹೋಗುತ್ತದೆ. ನಮ್ಮ ಮನೆಗೆ ಬಂದದ್ದು ಮಾತ್ರ ನಾಲ್ಕು ಜನರೆದುರು ನಗೆಪಾಟಲಾಗದೆ ಹೋಗುವುದಿಲ್ಲ. ಅಮ್ಮನ ಧ್ವನಿ ಹೋದಾಗಲೂ ಹಾಗೇ ಆಯಿತು.

ಅಪ್ಪ ತಿರುವನಂತಪುರದಲ್ಲಿ ವಿಜ್ಞಾನಿ. ಮೈಸೂರಿನಿಂದ ಬಂದ ಅಮ್ಮ ಕ್ವಾರ್ಟರ್ಸಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಿದ್ದರು. ನಾನು ಕೊಚ್ಚಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ ಕಲೂರಿನ ಹಾಸ್ಟೆಲಿನಲ್ಲಿದ್ದೆ. ಮನೆಮಂದಿಯ ಮಾತನ್ನೆಲ್ಲ ಅಮ್ಮ ಒಬ್ಬರೇ ಆಡಿಬಿಡುತ್ತಿದ್ದುದರಿಂದ ಅಪ್ಪನಿಗಾಗಲಿ ನನಗಾಗಲಿ ಬಾಯಿ ತೆರೆಯುವ ಪ್ರಸಂಗವೇ ಬಂದಿರಲಿಲ್ಲ.

ತೊಂಡೆಕಾಯಿ

ಒಂದು ಭಾನುವಾರ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿದರೆ, ಆ ಕಡೆಯಿಂದ ತೆಂಗಿನಕಾಯಿ ತುರಿದಂಥ ಸದ್ದು.

"ಯಾರು ಮಾತಾಡ್ತಿರೋದು?" ಎಂದೆ.

"ನಿಮ್ಮಮ್ಮ ಕಣೇ. ಗಂಟಲು ಕಟ್ಟಿದೆ. ಡಾಕ್ಟರು ಹೇಳಿದ್ದನ್ನ ಚಾಚೂ ತಪ್ಪದೆ ಮಾಡ್ತಿದೀನಿ, ಆದ್ರೂ ಬಿಟ್ಟಿಲ್ಲ. ಮನೆಗೆ ಒಂದೇ ಒಂದು ತೊಂಡೆಕಾಯಿ ತಂದಿಲ್ಲ."

"ತೊಂಡೆಕಾಯಿ ಯಾಕಮ್ಮಾ ಬಿಡಬೇಕು?"

"ನಂಗೇನು ಗೊತ್ತು? 'ತೊಂಡಯ್ಕ್ ರೆಸ್ಟ್ ಕೊಡುಕ್ಕಣಂ' ಅಂತ ಎರಡೆರಡು ಸಲ ಹೇಳಿದ್ರು. ನಿಮ್ಮಪ್ಪನೂ ಪಕ್ಕದಲ್ಲಿ ಕೂತು ತಲೆಯಾಡಿಸಿದ್ರು."

ಮಲಯಾಳದಲ್ಲಿ ತೊಂಡ ಎಂದರೆ ಗಂಟಲು. ಅಮ್ಮ ತರಕಾರಿಗೆ ವಿಶ್ರಾಂತಿ ಕೊಟ್ಟಿದ್ದಲ್ಲದೆ, ಅದನ್ನು ಕ್ವಾರ್ಟರ್ಸಿನ ಮನೆಮನೆಗೂ ಹೋಗಿ ಬಾಯಿತುಂಬ ಹೇಳಿಯೂ ಬಂದಿದ್ದರು.

ಅಪ್ಪನ ಸರದಿ

ಇಬ್ಬರನ್ನೂ ಕೊಚ್ಚಿಗೆ ಕರೆಸಿಕೊಂಡು ದೊಡ್ಡ ಡಾಕ್ಟರಿಗೆ ತೋರಿಸಿದೆ. ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಾಗಿವೆ, ಎರಡು ವಾರ ಪೂರ್ತಿ ಮೌನ, ಪಿಸುಗುಟ್ಟುವುದೂ ಕೂಡದು ಎಂದರು ಅವರು. ಕರಗದಿದ್ದರೆ ಆಪರೇಷನ್. ಆಮೇಲೆ ಹಾಡುವ ಗಂಟಲು ಹಿಂದಿನಂತೆ ಬರುತ್ತದೆಂದು ಹೇಳಲಾರೆ ಎಂದೂ ಹೇಳಿದರು. ನಾನು ಅದನ್ನೆಲ್ಲ ಕನ್ನಡದಲ್ಲಿ ತಿಳಿಸಿದಾಗ ಅಮ್ಮ ಏನೋ ಕೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು. ಆ ಮುಚ್ಚಿದ ಬಾಯಿಯನ್ನು ನೋಡಲಾರದೆ ನಾನು ರಜೆ ಹಾಕಿ ಅವರ ಜೊತೆಗೇ ಹೊರಟೆ.

ಮನೆಯಲ್ಲಿ ಅಮ್ಮ ಕೈಸನ್ನೆ ಮಾಡಿದರೆ ಅಪ್ಪನೂ ಕೈಸನ್ನೆಯಲ್ಲೇ ಉತ್ತರಿಸುತ್ತಿದ್ದರು. ನಾವು ಚೇಚಿ ಎಂದು ಕರೆಯುವ ಪಕ್ಕದ ಮನೆಯ ಅಕ್ಕನಂತೂ ಅಮ್ಮನ ಕಿವಿಗೆ ಬಾಯಿಟ್ಟು ಕೂಗುತ್ತಿದ್ದರು.

"ಅಪ್ಪಾ, ಅಮ್ಮನಿಗೆ ಕಿವಿ ಕೇಳಿಸುತ್ತೆ. ನೀವು ಮಾತಾಡಬಹುದು" ಎಂದೆ.

ಅಪ್ಪ ಸಂಕೋಚದಿಂದ, "ಗೊತ್ತು ಪುಟ್ಟಿ. ಮದುವೆಯಾದಾಗಿನಿಂದ ನನ್ನ ಸರದಿ ಬಂದೇ ಇರಲಿಲ್ಲ. ಈಗ ಬಂದಿದೆ, ಏನು ಮಾತಾಡೋದು ಅಂತ ತೋಚ್ತಿಲ್ಲ" ಎಂದರು.

ಚಾಲೈ ಪೇಟೆ

ಚಾಲೈನಲ್ಲಿ ಅಮ್ಮ ಚೌಕಾಸಿ ಮಾಡುತ್ತಿದ್ದರೆ ಅಕ್ಕಪಕ್ಕದ ಗಿರಾಕಿಗಳು ಸುಮ್ಮನೆ ನಿಂತು ಕಾಯುತ್ತಿದ್ದರು, ತಮಗೂ ಅದೇ ದರ ಸಿಕ್ಕೀತೆಂದು. ಈಗ ಆ ಕೆಲಸ ನನ್ನ ತಲೆಗೆ ಬಂತು. ನಾನೋ, ಕಾನ್ವೆಂಟಿನಲ್ಲಿ 'ಎಕ್ಸ್‌ಕ್ಯೂಸ್ ಮಿ' ಎನ್ನಲೂ ಹೆದರುತ್ತಿದ್ದವಳು. ಹುಣಸೆಹಣ್ಣಿನ ಅಂಗಡಿಯ ಮುಂದೆ ಅಮ್ಮ ಹುಬ್ಬೇರಿಸಿ, ಮೂಗು ಮುರಿದು, ಹೊರಟುಹೋಗುವ ನಟನೆಯನ್ನೂ ಮಾಡಿ ನನ್ನನ್ನು ತಿವಿದರು. ನಾನು ಮೆಲ್ಲಗೆ, "ಚೇಟ್ಟಾ, ಕುರಚ್ಚು ಕುರಯ್ಕಾಮೋ?" ಎಂದೆ. ಅಣ್ಣಾ, ಸ್ವಲ್ಪ ಕಮ್ಮಿ ಮಾಡ್ತೀರಾ ಎಂದು ನನ್ನ ಅರ್ಥ.

ಅಂಗಡಿಯವರು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಗಂಭೀರವಾಗಿ, "ಬೌ, ಬೌ" ಎಂದರು.

'ಕಮ್ಮಿ ಮಾಡು' ಎನ್ನುವುದಕ್ಕೆ ಅಲ್ಲಿ ಗಡಸು ರಕಾರ ಬೇಕು. ನಮ್ಮ ಕನ್ನಡ ಅದನ್ನು ಯಾವತ್ತೋ ಕೈಬಿಟ್ಟಿದೆ. ಮೆತ್ತಗಿನ ರಕಾರ ಹಾಕಿದರೆ 'ಬೊಗಳು' ಎಂದಾಗುತ್ತದೆ. ಸ್ವಲ್ಪ ಬೊಗಳುತ್ತೀರಾ ಎಂದು ನಾನು ವಿನಯದಿಂದ ಕೇಳಿದ್ದೆ!

ಅಮ್ಮ ಸದ್ದು ಹೊರಡದಂತೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಮೂಟೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂಗಡಿಯವರು, "ಅಮ್ಮ ನಕ್ಕರಲ್ಲ ಮಗಳೇ, ಸಾಕು" ಎಂದು ದರ ಇಳಿಸಿದರು. "ಇನ್ನೊಂದು ಸಲ ಬೊಗಳಬೇಕಾದರೆ ಎರಡು ಕಿಲೋ ತಗೋಬೇಕು."

ಸರಿಗಮ

ಎರಡು ವಾರ ಕಳೆದು ಮತ್ತೆ ಕೊಚ್ಚಿ. ಡಾಕ್ಟರು ಗಂಟಲೊಳಗೆ ನೋಡಿ, "ಗಂಟು ಕರಗಿದೆ. ಎಲ್ಲಿ, ಸ್ವಲ್ಪ ಹಾಡಿ" ಎಂದರು.

ಅಮ್ಮ ಹಾಡಲಿಲ್ಲ. ಹಾಡಲು ಹೋಗಿ ಸ್ವರವೇ ಬಾರದಿದ್ದರೆ? ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಡಾಕ್ಟರು ಕಾದರು. ನಾನು "ಹೂಂ, ಅಮ್ಮಾ" ಎಂದೆ. ಊಹೂಂ.

ಆಗ ಅಪ್ಪ ಎದ್ದು ನಿಂತರು. ಜೀವಮಾನದಲ್ಲಿ ಹಾಡಿದವರಲ್ಲ. ಕಣ್ಣು ಮುಚ್ಚಿ, ಕತ್ತು ಚಾಚಿ, ಹೆಂಡತಿಗೆ ಧೈರ್ಯ ತುಂಬಲೆಂದು ಶುರು ಮಾಡಿದರು: "ಸಾ... ರೀ... ಗಾ... ಮಾ..."

"ಅಯ್ಯೋ, ಅದು ಮಧ್ಯಮಾನಾ? ನಿಲ್ಲಿಸಿ ರೀ!"

ಕಂಚಿನ ಗಂಟೆ ಬಾರಿಸಿದಂಥ ಧ್ವನಿ. ಅಮ್ಮ ತಮ್ಮ ಬಾಯಿಯನ್ನು ತಾವೇ ಮುಟ್ಟಿ ನೋಡಿಕೊಂಡರು. ಅಪ್ಪ ಕನ್ನಡಕ ತೆಗೆದು ಒರೆಸತೊಡಗಿದರು.

ಅಷ್ಟರಲ್ಲಿ ನರ್ಸ್ ಗಾಬರಿಯಿಂದ ಬಾಗಿಲು ತಳ್ಳಿಕೊಂಡು ಬಂದು, ಅಪ್ಪನ ಕಡೆ ನೋಡಿ, "ಯಾಕೆ ಡಾಕ್ಟರ್, ಈ ಪೇಷೆಂಟಿಗೆ ತುಂಬಾ ನೋವಾ?" ಎಂದಳು.

"ಇವರು ಪೇಷೆಂಟ್ ಅಲ್ಲ ಸಿಸ್ಟರ್" ಎಂದರು ಡಾಕ್ಟರು, "ಇವರು ಔಷಧಿ."