ತೀರ್ಥೇಶನ ಪಿತ್ತ, ಯಶಸ್ವಿನಿಯ ತೂಕ

"ನೋಡ್ತಿರು, ಹದಿನೈದೇ ದಿನ! ನಿನ್ನ ತೂಕ ಏರಿಸದಿದ್ರೆ ನಾನು ತೀರ್ಥೇಶನೇ ಅಲ್ಲ!"

ಕಾರ್ಗಲ್ ಕಾಲೊನಿಯ ಮನೆಯಲ್ಲಿ ತೀರ್ಥೇಶ ಹೀಗೆ ಘೋಷಿಸುವಾಗ, ಎರಡೂವರೆ ತಿಂಗಳೂ ತುಂಬದ ಬಸುರಿ ಹೆಂಡತಿ ಯಶಸ್ವಿನಿ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡುತ್ತಿದ್ದಳು. ಆಗಲೇ ಎರಡು ಕೆ.ಜಿ. ಇಳಿದಿದ್ದಳು. ಇನ್ನೂ ಇಳಿದರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕುವುದೇ ಎಂದಿದ್ದರು ಸಾಗರದ ಡಾಕ್ಟರಮ್ಮ. ತೀರ್ಥೇಶನಿಗೆ ಜೀವ ಬಾಯಿಗೆ ಬಂದಿತ್ತು.

ಫ್ರಿಜ್ಜಿನ ಮೇಲೆ ಊಟದ ಚಾರ್ಟ್ ಅಂಟಿಸಿದ. ಮೊಟ್ಟೆ ಬೇಯಿಸಿದ, ಬಸಳೆ ಸಾರಿಗೆ ಒಗ್ಗರಣೆ ಹಾಕಿದ.

"ವಾಸನೆ ಕಣ್ರೀ! ಆಚೆ ತಗೊಂಡು ಹೋಗಿ!"

ಸರಿ, ಪಕ್ಕದ ಮನೆಯ ದುಗ್ಗಮ್ಮನವರ ಕೈರುಚಿಗೆ ಶರಣು! ಆದರೆ ಮೂರು ತಿಂಗಳು ತುಂಬುವ ತನಕ ಸುದ್ದಿ ಯಾರ ಕಿವಿಗೂ ಬೀಳಬಾರದೆಂದು ಮೇಗರವಳ್ಳಿಯಿಂದ ಅವನ ಅಮ್ಮ ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಗಂಡಸಿನ ಬುದ್ಧಿ ನೋಡಿ, ಅವರ ಬಾಗಿಲಲ್ಲಿ ತಾನೇ ಹೊಟ್ಟೆ ಹಿಡಿದು ನಿಂತ.

"ದುಗ್ಗಮ್ಮಕ್ಕಾ, ನಂಗೆ ಪಿತ್ತ. ಬಾಯಿಗೆ ಎಂತದೂ ಸೇರಲ್ಲ. ಹುಳಿಯಾಗಿ ಏನಾದ್ರೂ ಇದ್ಯಾ?"

"ಪಿತ್ತಕ್ಕೆ ಹುಳಿಯಾ? ಕೂತ್ಕೋ ಮಾರಾಯ!"

ಬಂತು ಒಂದು ಲೋಟ ಅಮೃತಬಳ್ಳಿ ಕಷಾಯ. ಕಹಿ ಅಂದರೆ ಅಂಥಿಂಥ ಕಹಿಯಲ್ಲ! ಮರುದಿನ ಡ್ಯೂಟಿಗೆ ಹೊರಟವನನ್ನು ದುಗ್ಗಮ್ಮ ಗೇಟಿನಲ್ಲೇ ಅಡ್ಡಗಟ್ಟಿ ಎದುರಿಗೇ ಕುಡಿಸಿದರು. ಬೇಡವೆಂದರೆ ಗುಟ್ಟು ರಟ್ಟು! ಹೆಂಡತಿಗಾಗಿ, ಹುಟ್ಟಲಿರುವ ಮಗುವಿಗಾಗಿ, ಸಾಕ್ಷಾತ್ ವಿಷಕಂಠನಾಗಿ ಹದಿನಾಲ್ಕು ದಿನ ಹದಿನಾಲ್ಕು ಲೋಟ ಇಳಿಸಿದ. ಅತ್ತ ಯಶಸ್ವಿನಿಯ ಮುಖಕ್ಕೆ ಕಳೆ ಬರತೊಡಗಿತು. ದಿನಾ ಚಾರ್ಟ್ ನೋಡಿ ಬೇಯಿಸಿಟ್ಟು ಹೋಗುತ್ತಿದ್ದವ, ಎಲ್ಲಾ ಚಾರ್ಟಿನ ಮಹಿಮೆ ಎಂದು ಬೀಗಿದ.

ಹದಿನೈದನೇ ದಿನ ಸಾಗರದಲ್ಲಿ ತೂಕ ನೋಡಿದರೆ ಒಂದು ಕೆ.ಜಿ. ಏರಿದೆ! ಡ್ರಿಪ್ ಬೇಡವೇ ಬೇಡ! ತೀರ್ಥೇಶನ ಕಣ್ಣು ತುಂಬಿ ಬಂತು.

"ಎಲ್ಲಾ ನನ್ನ ಅಡುಗೆ, ಡಾಕ್ಟ್ರೇ!"

"ಅಲ್ಲ ಡಾಕ್ಟ್ರೇ," ಎಂದಳು ಯಶಸ್ವಿನಿ. "ಇವ್ರು ಡ್ಯೂಟಿಗೆ ಹೋದ್ಮೇಲೆ ದುಗ್ಗಮ್ಮಕ್ಕ ದಿನಾ ಕರೆದು ಗಂಜಿ, ನೆಲ್ಲಿಕಾಯಿ ತಂಬುಳಿ ಕೊಡ್ತಿದ್ರು. ಒಗ್ಗರಣೆ ಇಲ್ದೆ, ಸ್ವಲ್ಪ ಸ್ವಲ್ಪ, ನಾಲ್ಕೈದು ಸಲ. ಹೊಟ್ಟೇಲಿ ನಿಲ್ತು."

"ಗಂಜಿ ಒಳ್ಳೇದೇ. ಜೊತೆಗೆ ಬೇಳೆ, ಮೊಸರೂ ಸೇರ್ಲಿ," ಎಂದರು ಡಾಕ್ಟರಮ್ಮ.

ತೀರ್ಥೇಶ ಪೆಚ್ಚಾದ. "ಅವ್ರಿಗೆ ಹೆಂಗೆ ಗೊತ್ತಾಯ್ತು?"

"ನೀವು ಹುಳಿ ಕೇಳೋಕೆ ಹೋದ್ರಲ್ಲ, ಅವತ್ತೇ!"

"ಮತ್ತೆ ನಂಗ್ಯಾಕೆ ಆ ಕಷಾಯ?"

"ಅವ್ನಾಗಿ ಬಾಯ್ಬಿಟ್ಟು ನಿಜ ಹೇಳೋ ತನಕ ಕುಡಿಸ್ತೀನಿ ಅಂದ್ರು. ನೀವೋ ಅತ್ತೆಗೆ ಮಾತು ಕೊಟ್ಟಿದ್ದೀರಿ. ಮೂರು ತಿಂಗಳು ತುಂಬೋಕೆ ಇನ್ನೂ ನಾಲ್ಕು ಲೋಟ ಬಾಕಿ ಇದೆ ಕಣ್ರೀ!"